ಸೊಂಟದ ಚೂರಿ, ಸುತ್ತ ಒಂದು ಕಿಲೋ: ಸಹ್ಯಾದ್ರಿಗೆ ಹೊಂದುವ ಆಪತ್ತಿನ ಕಿಟ್

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಬೆಳಗಿನ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಓದುವವರಿಗೆ. ಮಾತಿನಲ್ಲಿ ಬೇಗ ಬೇಗ ಹೇಳಿ ಮುಗಿಸಿದ ತೂಕ, ಅಳತೆ, ಕಾನೂನಿನ ಕಲಮುಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿ ಬರೆದಿದ್ದೇನೆ.

ವಿಷಯ ಇಷ್ಟೇ. ಸೊಂಟದ ಬೆಲ್ಟಿಗೆ ಸಿಕ್ಕಿಸುವ ಒಂದು ಸಣ್ಣ ಚೂರಿ, ಅದರ ಸುತ್ತ ಒಂದು ಕಿಲೋ ದಾಟದ ಸಾಮಾನು. ಬೆಟ್ಟದಲ್ಲಿ ಒಂದು ರಾತ್ರಿ ಸಿಕ್ಕಿಹಾಕಿಕೊಂಡರೆ ಬೆಳಗಿನವರೆಗೆ ನಮ್ಮನ್ನು ಕಾಯಬೇಕಾದ್ದು ಅದು. ಅದರಲ್ಲಿ ಏನಿರಬೇಕು, ಏನು ಬೇಡ, ಯಾಕೆ?

ನಮ್ಮ ಡೊಂಬಿವ್ಲಿ, ಕಲ್ಯಾಣ್, ಠಾಣೆ, ನವಿ ಮುಂಬಯಿಯವರಿಗೆ ಇದು ದೂರದ ಮಾತಲ್ಲ. ಕಲ್ಯಾಣ್ ದಾಟಿದ ಮೇಲೆ ರೈಲು ಹಳಿ ಎರಡಾಗಿ ಕವಲೊಡೆಯುತ್ತೆ. ಒಂದು ಕಸಾರಾ ಕಡೆ, ಇನ್ನೊಂದು ಕರ್ಜತ್ ಕಡೆ. ಎರಡೂ ಹೋಗಿ ನಿಲ್ಲೋದು ಸಹ್ಯಾದ್ರಿಯ ಬುಡದಲ್ಲೇ. ಆಸನ್‌ಗಾಂವ್‌ನಲ್ಲಿ ಇಳಿದರೆ ಮಾಹುಲಿ ಕೋಟೆ, ವಾಂಗಣಿಯಲ್ಲಿ ಇಳಿದರೆ ಚಂದೇರಿ, ನೇರಳ್‌ನಲ್ಲಿ ಇಳಿದರೆ ಪೇಬ್ ಮತ್ತು ಮಾಥೇರಾನ್. ಪನ್ವೇಲ್ ಕಡೆಯಿಂದ ಪ್ರಬಳಗಡ, ಕಲಾವಂತಿಣ್, ಇರ್ಶಾಳ್. ವಡಾಪಾವ್ ತಿಂದು ಮುಗಿಸುವಷ್ಟರಲ್ಲಿ ಕಾಡಿನ ಬಾಗಿಲು ಬಂದಿರುತ್ತೆ. ಇಷ್ಟು ಹತ್ತಿರ ಇರುವುದರಿಂದಲೇ ನಾವು ಅದನ್ನು ಕಾಡು ಅಂತ ಎಣಿಸುವುದಿಲ್ಲ, ಪಾರ್ಕಿಗೆ ಹೋದ ಹಾಗೆ ಹೋಗ್ತೀವಿ. ಅಪಾಯ ಅಲ್ಲಿದೆ.

ಮೊದಲು ಕೇಳಬೇಕಾದ್ದು: ಏನು ಕೆಡಬಹುದು?

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಯಾವ ಸಿಸ್ಟಮ್ ಕಟ್ಟುವ ಮೊದಲೂ ನಾವು ಕೇಳುವುದು ಒಂದೇ: ಇದು ಎಲ್ಲಿ, ಹೇಗೆ ಕೆಟ್ಟು ನಿಲ್ಲುತ್ತೆ? ಆ ಪಟ್ಟಿ ಮಾಡದೆ ಸಾಮಾನು ಕೊಂಡರೆ ಅಂಗಡಿಯವನಿಗೆ ಲಾಭ, ನಮಗೆ ಭಾರ.

ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಆಪತ್ತಿನ ಕಿಟ್‌ಗಳ ಮೂಲಪುರುಷ ಒಂದು ತಂಬಾಕಿನ ಡಬ್ಬಿ. ಬ್ರಿಟಿಷ್ ಸೇನೆಯ ಎಸ್‌ಎಎಸ್ ಪಡೆಯಲ್ಲಿದ್ದ ಜಾನ್ ವೈಸ್‌ಮನ್ 1986ರಲ್ಲಿ ತಂದ ಕೈಪಿಡಿಯಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಬೆಂಕಿಕಡ್ಡಿ, ಮೇಣದಬತ್ತಿ, ಮೀನಿನ ಗಾಳ, ಪ್ರಾಣಿ ಹಿಡಿಯುವ ಉರುಳಿನ ತಂತಿ, ಸೂಜಿ, ದಿಕ್ಸೂಚಿ ಎಲ್ಲ ಆ ಡಬ್ಬಿಯೊಳಗೆ. ಶತ್ರುಗಳ ನೆಲದಲ್ಲಿ ವಾರಗಟ್ಟಲೆ ಅಡಗಿರಬೇಕಾದ ಸೈನಿಕನಿಗೆ ಅದು ಸರಿ. ಚಂದೇರಿಯ ಮೇಲೆ ನಿಂತರೆ ಕೆಳಗೆ ಬದ್ಲಾಪುರದ ದೀಪ ಕಾಣುತ್ತೆ. ಅಲ್ಲಿ ಯಾರೂ ಮೀನು ಹಿಡಿದು ತಿನ್ನುವಷ್ಟು ದಿನ ಸಿಕ್ಕಿಹಾಕಿಕೊಳ್ಳುವುದಿಲ್ಲ. ಊಟವಿಲ್ಲದೆ ಒಂದು ರಾತ್ರಿ ಕಳೆದರೆ ಯಾರೂ ಸಾಯುವುದಿಲ್ಲ. ನಮ್ಮ ಅಜ್ಜಿಯಂದಿರು ಏಕಾದಶಿಗೆ ಅದನ್ನೇ ಮಾಡುತ್ತಿದ್ದರು.

ಹಾಗಾದ್ರೆ ನಮ್ಮ ಬೆಟ್ಟಗಳಲ್ಲಿ ಜೀವಕ್ಕೆ ಕುತ್ತು ತರುವುದು ಯಾವುದು? ನನ್ನ ಪಟ್ಟಿ ಹೀಗಿದೆ.

ಒಂದು, ಬೀಳುವುದು. ಬೇಸಿಗೆಯಲ್ಲಿ ಸಡಿಲ ಜಲ್ಲಿಯ ಇಳಿಜಾರು (ಇಲ್ಲಿನವರು ಅದನ್ನು ಘಸಾರಾ ಅಂತಾರೆ), ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಸಾಲ್ಟ್ ಬಂಡೆ. ಎರಡು, ದಾರಿ ತಪ್ಪಿ ಕತ್ತಲಾಗುವುದು. ಡಿಸೆಂಬರಿನಲ್ಲಿ ಸಂಜೆ ಆರು ಗಂಟೆಗೇ ಸೂರ್ಯ ಮುಳುಗುತ್ತೆ, ಕೊರಕಲಿನೊಳಗೆ ಐದಕ್ಕೇ ಮಬ್ಬು. ಮೂರು, ಬಿಸಿಲು ಮತ್ತು ನೀರಿನ ಕೊರತೆ. ಫೆಬ್ರವರಿಯಿಂದ ಮೇವರೆಗೆ ಕೋಟೆಯ ಮೇಲಿನ ಕಲ್ಲಿನ ತೊಟ್ಟಿಗಳಲ್ಲಿ ನೀರಿದ್ದರೆ ಪುಣ್ಯ. ನಾಲ್ಕು, ಮಳೆಗಾಲದ ಚಳಿ. 20 ಡಿಗ್ರಿಯಲ್ಲಿ ಚಳಿ ಎಲ್ಲಿಂದ ಬಂತು ಅಂತ ನಗಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತೆ. ಒದ್ದೆ ಬಟ್ಟೆ, ಘಾಟಿನ ಗಾಳಿ, ಏಳೆಂಟು ಗಂಟೆ ಸುಮ್ಮನೆ ಕೂತಿರುವುದು, ಇವು ಮೂರೂ ಸೇರಿದರೆ ನಡುಕ ಶುರುವಾಗಿ ಮಾತು ತೊದಲತೊಡಗುತ್ತೆ. ಐದು, ಹಾವು ಮತ್ತು ಹೆಜ್ಜೇನು.

ಇನ್ನೊಂದು ಅಪಾಯಕ್ಕೆ ಯಾವ ಕಿಟ್ಟೂ ಉತ್ತರ ಅಲ್ಲ. 2023ರ ಜುಲೈ 19ರ ರಾತ್ರಿ ಇರ್ಶಾಳಗಡದ ಕೆಳಗಿದ್ದ ಇರ್ಶಾಳವಾಡಿ ಎಂಬ ಊರಿನ ಹಲವು ಮನೆಗಳು ಮಣ್ಣಿನಡಿ ಹೋದವು. ನಾವೆಲ್ಲ ಆ ಊರಿನಲ್ಲಿ ನೀರು ಕುಡಿದು ಕೋಟೆ ಹತ್ತಿದವರೇ. ಭಾರೀ ಮಳೆಯಲ್ಲಿ ಗುಡ್ಡ ಕುಸಿಯುವಾಗ, ಕೊರಕಲಿನಲ್ಲಿ ನೀರು ಒಮ್ಮೆಲೇ ಏರುವಾಗ ಉಪಯೋಗಕ್ಕೆ ಬರುವ ಸಾಮಾನು ಒಂದೇ: ಮನೆಯಲ್ಲೇ ಉಳಿಯುವ ನಿರ್ಧಾರ. ಜಿಲ್ಲಾಡಳಿತ ಜಲಪಾತಗಳಿಗೆ ನಿಷೇಧ ಹೇರಿದಾಗ ಗೊಣಗುವ ಬದಲು ಆ ವಾರ ಮಲಗಿ ನಿದ್ದೆ ಮಾಡಿ.

ಪಟ್ಟಿ ನೋಡಿದರೆ ಗೊತ್ತಾಗುತ್ತೆ. ನಮಗೆ ಬೇಕಾದ್ದು ಒಂದು ರಾತ್ರಿ, ಹೆಚ್ಚೆಂದರೆ 24 ಗಂಟೆ, ಒಂದೇ ಕಡೆ ಬೆಚ್ಚಗೆ, ನೀರು ಕುಡಿದುಕೊಂಡು, ಹುಡುಕಿ ಬಂದವರಿಗೆ ಕಾಣುವ ಹಾಗೆ ಕೂರುವ ವ್ಯವಸ್ಥೆ.

ಚೂರಿ ಯಾಕೆ, ಎಂಥದ್ದು?

ಅಮೆರಿಕದ ಡೇವ್ ಕ್ಯಾಂಟರ್‌ಬರಿ ಎಂಬ ಕಾಡುವಿದ್ಯೆಯ ಶಿಕ್ಷಕ ಐದು ಸಾಮಾನಿನ ಒಂದು ಸೂತ್ರವನ್ನು ಜನಪ್ರಿಯ ಮಾಡಿದ್ದಾನೆ: ಕತ್ತರಿಸಲು, ಬೆಂಕಿ ಹೊತ್ತಿಸಲು, ಹೊದೆಯಲು, ನೀರು ತುಂಬಲು, ಕಟ್ಟಲು ಒಂದೊಂದು. ಈ ಐದು ಕಾಡಿನಲ್ಲಿ ಕೈಯಿಂದ ಮಾಡಿಕೊಳ್ಳಲು ತುಂಬ ಕಷ್ಟ, ಹೊತ್ತೊಯ್ಯಲು ಸುಲಭ. ಅದರಲ್ಲೂ ಚೂರಿ ಮೊದಲು. ಮಿಕ್ಕದ್ದನ್ನು ಮಾಡಿಕೊಳ್ಳಲು, ಸರಿಪಡಿಸಲು ಅದೇ ಬೇಕು.

ಇದು ಪರದೇಶದ ಯೋಚನೆಯೇನಲ್ಲ. ಕೊಡವರ ಉಡುಪಿನಲ್ಲಿ ಮುಂದೆ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿ. ನಮ್ಮ ಪುತ್ತೂರಿನ ಕಡೆ ತೋಟಕ್ಕೆ ಹೊರಟವರ ಸೊಂಟದಲ್ಲಿ ಕತ್ತಿ ಇರಲೇಬೇಕು. ಇಲ್ಲಿ ಠಾಣೆ, ರಾಯಗಡ ಜಿಲ್ಲೆಯ ಠಾಕರ್, ಕಾತಕರಿ ಜನ ಸೊಂಟದ ಹಿಂದಿನ ಕೊಕ್ಕೆಗೆ ಕೊಯ್ತಾ ಸಿಕ್ಕಿಸಿಕೊಂಡೇ ಕಾಡಿಗೆ ಹೋಗ್ತಾರೆ. ಆದರೆ ಕೊಯ್ತಾ ಕೆಲಸ ಬೇರೆ, ನಮ್ಮ ಚೂರಿಯ ಕೆಲಸ ಬೇರೆ. ಕೊಯ್ತಾ ಬೀಸಿ ಕಡಿಯುವ ಆಯುಧ. ಅದಕ್ಕೆ ಹುಟ್ಟಿನಿಂದ ಪಳಗಿದ ಕೈ ಬೇಕು. ವಾರಪೂರ್ತಿ ಕೀಬೋರ್ಡ್ ಕುಟ್ಟುವ ಕೈಗೆ ಕೊಯ್ತಾ ಕೊಟ್ಟರೆ ಮೊದಲ ಏಟು ಕೊಂಬೆಗೆ, ಎರಡನೆಯದು ಮೊಣಕಾಲಿಗೆ.

ನಮಗೆ ಬೇಕಾದ್ದು ಹೀಗಿರಲಿ. ಮಡಚುವ ಚಾಕು ಬೇಡ, ಮಡಚದ ಒಂದೇ ತುಂಡಿನದು ಸಾಕು. ಕೀಲು ಇದ್ದಲ್ಲಿ ಮಣ್ಣು ಸೇರುತ್ತೆ, ಒದ್ದೆ ಕೈಯಲ್ಲಿ ಬೀಗ ತಪ್ಪಿ ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತೆ. ಅಲಗು 9ರಿಂದ 11 ಸೆಂಟಿಮೀಟರ್. ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು. ಅಲಗಿನ ಉಕ್ಕು ಹಿಡಿಯ ಒಳಗೆ ಸಾಕಷ್ಟು ಉದ್ದಕ್ಕೆ ಹೋಗಿರಬೇಕು. ಅಲಗಿನ ಬೆನ್ನು ದುಂಡಗಿರದೆ ಚೌಕ ಅಂಚು ಇರಲಿ. ಕಿಡಿ ಕಡ್ಡಿಯನ್ನು ಕೆರೆಯುವುದು ಆ ಬೆನ್ನಿನಿಂದ, ಹರಿತ ಬಾಯಿಯಿಂದಲ್ಲ.

ಉಕ್ಕು ಯಾವುದು? ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತೆ, ಆದರೆ ಜುಲೈ ತಿಂಗಳಲ್ಲಿ ಒಂದೇ ರಾತ್ರಿಗೆ ತುಕ್ಕಿನ ಕಲೆ ಬರುತ್ತೆ. ನಮ್ಮ ಹವೆಗೆ ಸ್ಟೇನ್‌ಲೆಸ್ ವಾಸಿ. ಸ್ವೀಡನ್ನಿನ ಮೋರಾ ಊರಿನ ಸರಳ ಚೂರಿಗಳು ಜಗತ್ತಿನಾದ್ಯಂತ ಹೆಸರಾಗಿರುವುದು ಇದಕ್ಕೇ: ಅಗ್ಗ, ಹಗುರ, ಪ್ಲಾಸ್ಟಿಕ್ ಒರೆ. ಊರಿನ ಕಮ್ಮಾರರ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ್ದೂ ಚೆನ್ನಾಗಿ ಬಾಳುತ್ತೆ. ಅದು ಕಾರ್ಬನ್ ಸ್ಟೀಲೇ ಆದ್ದರಿಂದ ಒರೆಸಿ ತೆಂಗಿನೆಣ್ಣೆ ಸವರಿ ಇಡಿ. ಚರ್ಮದ ಒರೆ ನೋಡಲು ಚಂದ, ಮಳೆಗಾಲದಲ್ಲಿ ಅದು ಬೂಸಿನ ತೋಟ. ತಳದಲ್ಲಿ ನೀರು ಇಳಿಯಲು ತೂತಿರುವ ಪ್ಲಾಸ್ಟಿಕ್ ಒರೆಯೇ ಸರಿ.

ಇದರಿಂದ ಏನು ಮಾಡ್ತೀವಿ? ಹಗ್ಗ ಕತ್ತರಿಸೋದು, ಬಟ್ಟೆ ಹರಿದು ಪಟ್ಟಿ ಮಾಡೋದು, ಒದ್ದೆ ಕಡ್ಡಿಯ ಸಿಪ್ಪೆ ಕೆತ್ತಿ ಒಳಗಿನ ಒಣ ಮರ ತೆಗೆಯೋದು, ಕಿಡಿ ಹಾರಿಸೋದು. ಅಷ್ಟೇ. ವಿಡಿಯೋಗಳಲ್ಲಿ ತೋರಿಸುವ ಹಾಗೆ ದಿಮ್ಮಿ ಸೀಳುವುದು, ಗುಡಿಸಲು ಕಟ್ಟುವುದು ನಮಗೆ ಬೇಡ. ಹಸಿ ಮರ ಕಡಿಯುವುದಂತೂ ಬೇಡವೇ ಬೇಡ.

ಕತ್ತರಿಸುವಾಗ ಎರಡು ನಿಯಮ. ಅಲಗು ಯಾವಾಗಲೂ ನಿಮ್ಮಿಂದ ಆಚೆ ಹೋಗಬೇಕು. ಕೂತು ಕೆತ್ತುವಾಗ ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ, ಕೆಲಸ ಮೊಣಕಾಲಿಗಿಂತ ಮುಂದೆ ನಡೆಯಬೇಕು, ತೊಡೆಗಳ ನಡುವೆ ಅಲ್ಲ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅದು ಕಡಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗಲಿಕ್ಕಿಲ್ಲ. ಇನ್ನು ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡೇ ಒರೆಯಿಂದ ತೆಗೆಯಿರಿ.

ಕಾನೂನು: ಇದನ್ನು ಮಾತ್ರ ಹಾರಿಸಿ ಓದಬೇಡಿ

ನಾನು ವಕೀಲನಲ್ಲ. ಆದರೆ ಈ ಮೂರು ಕಾನೂನು ಓದದೆ ಚೂರಿ ಕಟ್ಟಿಕೊಂಡು ಡೊಂಬಿವ್ಲಿ ಸ್ಟೇಷನ್ನಿನ ಸೇತುವೆ ಹತ್ತಬೇಡಿ.

ಮೊದಲನೆಯದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳು ಬರುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ನಮ್ಮ 4 ಇಂಚಿನ ಚೂರಿ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎದೆ ಉಬ್ಬಿಸಬೇಡಿ, ಯಾಕಂದ್ರೆ ಎರಡನೆಯದಿದೆ.

ಅದು 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮು. ಹಬ್ಬ, ಚುನಾವಣೆ, ಗಲಾಟೆಯ ಭಯ ಇದ್ದಾಗ ಪೊಲೀಸ್ ಆಯುಕ್ತರು ಇದರಡಿ ಆದೇಶ ಹೊರಡಿಸಿ ಕೋಲು, ಕತ್ತಿ, ಚಾಕು ಎಲ್ಲವನ್ನೂ ಒಯ್ಯದಂತೆ ತಡೆಯಬಹುದು. ಇಲ್ಲಿ ಅಳತೆಯ ಮಾತೇ ಇಲ್ಲ. ಡೊಂಬಿವ್ಲಿ, ಕಲ್ಯಾಣ್ ಠಾಣೆ ಆಯುಕ್ತರ ವ್ಯಾಪ್ತಿಗೆ, ನವಿ ಮುಂಬಯಿ ಬೇರೆ ಆಯುಕ್ತರಿಗೆ ಸೇರಿದ್ದು. ಅದಕ್ಕೇ ನಾನು ಹೇಳೋದು: ಊರಿನಲ್ಲಿ, ರೈಲಿನಲ್ಲಿ, ಬಸ್ಸಿನಲ್ಲಿ ಚೂರಿ ಬೆಲ್ಟಿನ ಮೇಲೆ ಇರಲೇಬಾರದು. ಒರೆಯಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ತಳದಲ್ಲಿ, ಉಳಿದ ಕಿಟ್ ಜೊತೆಗೆ. ಅಂಥ ಆದೇಶ ಇದ್ದ ದಿನ ಮನೆಯಲ್ಲೇ. ಕಾಡಿನ ಹಾದಿ ಶುರುವಾದ ಮೇಲೆ ಸೊಂಟಕ್ಕೆ, ಹಾದಿ ಮುಗಿದ ಕೂಡಲೇ ಮತ್ತೆ ಬ್ಯಾಗಿಗೆ.

ಮೂರನೆಯದು ಹೆಚ್ಚಿನ ಚಾರಣಿಗರಿಗೆ ಗೊತ್ತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬ ಪದದ ವ್ಯಾಖ್ಯೆಯೊಳಗೆ ಚಾಕು, ಗಾಳದ ಕೊಕ್ಕೆ, ಬಲೆ, ಉರುಳು ಎಲ್ಲವೂ ಇವೆ. 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವ ಹಾಗಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. ಈಗ ನಕ್ಷೆ ತೆಗೆಯಿರಿ. ಮಾಹುಲಿ ಇರುವುದು ತಾನ್ಸಾ ಅಭಯಾರಣ್ಯದಲ್ಲಿ. ಹರಿಶ್ಚಂದ್ರಗಡ, ಕಳಸೂಬಾಯಿ ತಮ್ಮದೇ ಹೆಸರಿನ ಅಭಯಾರಣ್ಯದಲ್ಲಿ. ಭೀಮಾಶಂಕರ, ಕರ್ನಾಳಾ, ತುಂಗಾರೇಶ್ವರ ಎಲ್ಲ ಅಭಯಾರಣ್ಯಗಳು. ಠಾಣೆಯ ಯೇವೂರ್ ಹಿಂದಿನ ಕಾಡು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಊರಿಗೆ ಹೋದಾಗ ಹತ್ತುವ ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯ. ಇಲ್ಲೆಲ್ಲ ಚೂರಿ ಬೇಡ. ತಂಬಾಕಿನ ಡಬ್ಬಿಯ ಗಾಳ, ಉರುಳಿನ ತಂತಿಗಳಂತೂ ಚೂರಿಗಿಂತ ಹೆಚ್ಚು ಸಂಶಯ ಹುಟ್ಟಿಸುವ ವಸ್ತುಗಳು.

ಹಾಗಾಗಿ ನಮ್ಮ ಕಿಟ್‌ಗೆ ಒಂದು ವಿಶೇಷ ಶರತ್ತು: ಚೂರಿ ತೆಗೆದರೂ ಅದು ಕೆಲಸ ಮಾಡಬೇಕು. ಅಭಯಾರಣ್ಯಕ್ಕೆ ಹೋಗುವ ದಿನ ಚೂರಿಯ ಜಾಗಕ್ಕೆ ಮೆಡಿಕಲ್ ಅಂಗಡಿಯ ಮೊಂಡು ಮೂತಿಯ ಬ್ಯಾಂಡೇಜ್ ಕತ್ತರಿ. ಹಗ್ಗವನ್ನು ಮನೆಯಲ್ಲೇ ಬೇಕಾದ ಉದ್ದಕ್ಕೆ ಕತ್ತರಿಸಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಚೂರಿಯ ಸುತ್ತ

ಹೊದಿಕೆ. ನನ್ನ ಲೆಕ್ಕದಲ್ಲಿ ಚೂರಿಯ ನಂತರದ್ದಲ್ಲ, ಚೂರಿಗಿಂತ ಮುಖ್ಯವಾದದ್ದು. ಮಲೆನಾಡಿನ ಗೊರಬು, ಕೊಂಕಣದ ಇರ್ಲೆ ನೋಡಿದ್ದೀರಾ? ಬೆನ್ನು ಮುಚ್ಚಿದರೆ ಗದ್ದೆಯಲ್ಲಿ ದಿನವಿಡೀ ಮಳೆ ತಡೆಯಬಹುದು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದರ ಇಂದಿನ ರೂಪ: ಸುಮಾರು ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೆಳು ಪ್ಲಾಸ್ಟಿಕ್ ಹಾಳೆ, ಜೊತೆಗೆ ಬೆಳ್ಳಿಬಣ್ಣದ ತುರ್ತು ಹೊದಿಕೆ. ಬೆಳ್ಳಿ ಹೊದಿಕೆ ಮೈಯ ಶಾಖವನ್ನು ಹಿಂದಕ್ಕೆ ಪ್ರತಿಫಲಿಸುತ್ತೆ, ಆದರೆ ಮುಳ್ಳು ತಾಗಿದರೆ ಹರಿಯುತ್ತೆ. ಅದಕ್ಕೇ ಎರಡೂ ಬೇಕು. ನೆನಪಿಡಿ, ಶಾಖ ಹೆಚ್ಚಾಗಿ ಸೋರುವುದು ಕೆಳಗಿನ ಬಂಡೆಗೆ. ಮೊದಲು ಬ್ಯಾಗು, ಒಣ ಎಲೆ, ಹಗ್ಗ ಏನಿದ್ದರೂ ಕೆಳಗೆ ಹಾಸಿ, ಆಮೇಲೆ ಮೇಲೆ ಹೊದೆಯಿರಿ.

ಬೆಳಕು ಮತ್ತು ಸದ್ದು. ತಲೆಗೆ ಕಟ್ಟುವ ಟಾರ್ಚ್, ಜೊತೆಗೆ ಹೊಸ ಸೆಲ್. ಮೊಬೈಲಿನ ಟಾರ್ಚನ್ನು ಲೆಕ್ಕಕ್ಕೆ ತಗೋಬೇಡಿ, ಆ ಬ್ಯಾಟರಿ ಕರೆಗೆ ಬೇಕು. ಸೀಟಿ ಒಳಗೆ ಗುಂಡಿಲ್ಲದ್ದು ಇರಲಿ, ನೀರು ತುಂಬಿದರೂ ಊದುತ್ತೆ. ಆಪತ್ತಿನ ಸಂಕೇತ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಡುವು ಕೊಟ್ಟು, ಮತ್ತೆ ಆರು. ಉತ್ತರ ಕೊಡುವವರು ನಿಮಿಷಕ್ಕೆ ಮೂರು ಸಲ ಊದ್ತಾರೆ. ಟಾರ್ಚಿನ ಮಿಣುಕಿಗೂ ಇದೇ ಲೆಕ್ಕ. ಗಂಟಲು ಅರ್ಧ ಗಂಟೆಯಲ್ಲಿ ಕಟ್ಟಿಹೋಗುತ್ತೆ, ಸೀಟಿ ಬೆಳಗಿನವರೆಗೂ ಕೂಗುತ್ತೆ.

ಮೊಬೈಲನ್ನು ಹಾದಿಯಲ್ಲಿ ಏರೋಪ್ಲೇನ್ ಮೋಡಿನಲ್ಲಿ ಇಡಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ, ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಕೊರಕಲಿನಲ್ಲಿ ಸಿಗ್ನಲ್ ಸಾಯುತ್ತೆ, ಬೆಟ್ಟದ ಏಣಿನ ಮೇಲೆ ಬಯಲಿನ ಟವರ್ ಸಿಗಬಹುದು. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. 112ಕ್ಕೆ ಕರೆ ಮಾಡುವಾಗ ಕೋಟೆಯ ಹೆಸರು, ಬುಡದ ಹಳ್ಳಿ, ಅಕ್ಷಾಂಶ ರೇಖಾಂಶ, ಎಷ್ಟು ಜನ, ಏನು ಪೆಟ್ಟು, ಇಷ್ಟನ್ನು ಈ ಕ್ರಮದಲ್ಲಿ ಹೇಳಿ. ಮಹಾರಾಷ್ಟ್ರದಲ್ಲಿ ಪರ್ವತಾರೋಹಿಗಳ ಸಂಘಗಳೇ ಸೇರಿ ನಡೆಸುವ ರಕ್ಷಣಾ ಸಮನ್ವಯ ಕೇಂದ್ರವೂ ಇದೆ, ಅದರ ಸಹಾಯವಾಣಿಯನ್ನು ಹೊರಡುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಪರದೇಶಿ ಚಾನೆಲ್ಲುಗಳು ಹೊಗಳುವ ಉಪಗ್ರಹ ಸಂಪರ್ಕದ ಯಂತ್ರಗಳನ್ನು ಮಾತ್ರ ತರಿಸಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ.

ನೀರು. ಒಂದೇ ಪದರದ ಸ್ಟೀಲ್ ಬಾಟಲಿ. ಬಿಸಿ ಉಳಿಸುವ ಎರಡು ಪದರದ್ದು ಬೇಡ, ಅದನ್ನು ಬೆಂಕಿಯ ಮೇಲಿಟ್ಟರೆ ಸಿಡಿಯಬಹುದು. ಕೋಟೆಯ ತೊಟ್ಟಿಯ ನೀರನ್ನು ಮೊದಲು ಕರವಸ್ತ್ರದಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಬೆಂಕಿ ಇದ್ದರೆ ಚೆನ್ನಾಗಿ ಕುದಿ ಬಂದು ಒಂದು ನಿಮಿಷ ಆದರೆ ಸಾಕು. ಜೊತೆಗೆ ಎರಡು ಪ್ಯಾಕೆಟ್ ಓಆರ್‌ಎಸ್. ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್, ಅರ್ಧ ಬಾಟಲಿಗೆ ಸುರಿದು ಗಟ್ಟಿ ಮಾಡಬೇಡಿ. ಅದು ಮುಗಿದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬೆಂಕಿ. ಇಲ್ಲಿ ಹಿತ್ತಾಳೆ ಕಿವಿಯಾಗಬೇಡಿ. ಜನವರಿಯಿಂದ ಮೇವರೆಗೆ ಸಹ್ಯಾದ್ರಿಯ ಹುಲ್ಲು ಸೀಮೆಎಣ್ಣೆಯ ಹಾಗೆ ಹತ್ತಿಕೊಳ್ಳುತ್ತೆ. ಕಾಳ್ಗಿಚ್ಚು ಹಚ್ಚಿ ನಮ್ಮ ಜೀವ ಉಳಿಸಿಕೊಳ್ಳುವುದು ಯಾವ ಸೀಮೆಯ ಜಾಣತನ? ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅದೇ ಕಾಯ್ದೆಯ 30ನೇ ಕಲಮಿನಡಿ ಅಪರಾಧ. ಹೆಜ್ಜೇನಿನ ಗೂಡಿನ ಕೆಳಗೆ ಹೊಗೆ ಎದ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಬೆಂಕಿ ಕೊನೆಯ ಉಪಾಯ, ಅದೂ ಒದ್ದೆಯಾಗಿ ಚಳಿ ಹಿಡಿದಾಗ, ಬರಿ ಬಂಡೆಯ ಮೇಲೆ.

ಅದಕ್ಕೆ ಒಂದು ಮಾಮೂಲಿ ಗ್ಯಾಸ್ ಲೈಟರ್ ಮೊದಲು, ಕಿಡಿ ಕಡ್ಡಿ ಆಮೇಲೆ. ಕಿಡಿ ಕಡ್ಡಿ ಅಂದ್ರೆ ಫೆರೋಸೀರಿಯಂ ಎಂಬ ಮಿಶ್ರಲೋಹ. ಚೂರಿಯ ಬೆನ್ನಿನಿಂದ ಕೆರೆದರೆ ಸುಮಾರು 3,000 ಡಿಗ್ರಿಯ ಕಿಡಿ, ಒದ್ದೆಯಾದರೂ ಒರೆಸಿದರೆ ಸಾಕು. ಕಿಡಿ ಹಿಡಿಯಲು ವ್ಯಾಸಲಿನ್ ಸವರಿದ ಹತ್ತಿ. ಇನ್ನೊಂದು ಸಾಮಾನು ನಮ್ಮ ದೇವರ ಗೂಡಿನಲ್ಲೇ ಇದೆ: ಕರ್ಪೂರ. ನೀರಿನ ಮೇಲೆ ತೇಲುತ್ತಲೂ ಉರಿಯುವ ಇದಕ್ಕಿಂತ ಒಳ್ಳೆಯ ಹೊತ್ತಿಸುವ ವಸ್ತು ಮಳೆಗಾಲಕ್ಕೆ ಸಿಗಲಿಕ್ಕಿಲ್ಲ. ಒಂದೇ ತೊಂದರೆ, ತೆರೆದಿಟ್ಟರೆ ಆವಿಯಾಗಿ ಮಾಯ. ಬಿಗಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿಡಿ, ಆರು ತಿಂಗಳಿಗೊಮ್ಮೆ ನೋಡಿ.

ಹಗ್ಗ. ನಾಲ್ಕು ಮಿಲಿಮೀಟರಿನ ಪ್ಯಾರಾಕಾರ್ಡ್ 10 ಮೀಟರ್. ಹಾಳೆ ಕಟ್ಟಲು, ಮುರಿದ ಶೂ ಬಿಗಿಯಲು, ಕಾಲಿಗೆ ಕಡ್ಡಿ ಕಟ್ಟಲು. ಅದರ ಮೇಲೆ 550 ಪೌಂಡ್ ಅಂತ ಬರೆದಿರುತ್ತೆ, ಅಂದ್ರೆ ಸುಮಾರು 250 ಕಿಲೋ. ನನ್ನ ತೂಕ 75 ತಾನೆ, ಇಳಿಯಬಹುದಲ್ವಾ ಅಂತ ಲೆಕ್ಕ ಹಾಕಬೇಡಿ. ಆ ಅಂಕಿ ನಿಧಾನವಾಗಿ ನೇರಕ್ಕೆ ಎಳೆದಾಗಿನದು. ಜಾರಿ ಬಿದ್ದಾಗಿನ ಜಗ್ಗು, ಬಂಡೆಯ ಅಂಚಿನ ಉಜ್ಜು ಅದರಲ್ಲಿ ಸೇರಿಲ್ಲ. ಪ್ಯಾರಾಕಾರ್ಡಿನಲ್ಲಿ ಮನುಷ್ಯ ಇಳಿಯಬಾರದು, ಬಟ್ಟೆ ಒಣಗಿಸಬಹುದು.

ಪ್ರಥಮ ಚಿಕಿತ್ಸೆ. ಹಿಗ್ಗುವ ಕ್ರೇಪ್ ಬ್ಯಾಂಡೇಜ್, ತ್ರಿಕೋನ ಬಟ್ಟೆ, ಶುದ್ಧ ಗಾಜ್, ಅಂಟುಪಟ್ಟಿ, ನಿಮ್ಮ ದಿನನಿತ್ಯದ ಮಾತ್ರೆಗಳು. ರಕ್ತ ಸೋರಿದರೆ ಗಾಜ್ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ, ನಿಂತಿದೆಯಾ ಅಂತ ಪದೇ ಪದೇ ತೆಗೆದು ನೋಡಬೇಡಿ.

ಚೂರಿಯ ಅತಿ ಅಪಾಯಕಾರಿ ಬಳಕೆ ಯಾವುದು ಗೊತ್ತಾ? ಹಾವು ಕಚ್ಚಿದ ಜಾಗ ಕೊಯ್ಯುವುದು. ಸಿನಿಮಾಗಳು ಕಲಿಸಿದ ಈ ಪಾಠ ಸಂಪೂರ್ಣ ತಪ್ಪು. ಕೊಯ್ದರೆ ವಿಷ ಹೊರಬರುವುದಿಲ್ಲ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಕೊಯ್ದ ಗಾಯ ಸೋರುತ್ತಲೇ ಇರುತ್ತೆ. ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ಕಡ್ಡಿ ಕಟ್ಟಿ, ಆದಷ್ಟು ನಡೆಸದೆ ಹೊತ್ತು ಸರಕಾರಿ ಆಸ್ಪತ್ರೆಗೆ ಸಾಗಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ನಮ್ಮಲ್ಲಿ ಕೊಡುವುದು ಒಂದೇ ಪ್ರತಿವಿಷ. ಹಾವನ್ನು ಹಿಡಿದು ತರುವ ಸಾಹಸ ಬೇಡ.

ಲೆಕ್ಕ ನಿಜವಾಗಿ ಹೇಗೆ ಕೂತಿತು

ಒಂದು ನವೆಂಬರ್ ಭಾನುವಾರ ನಾವು ಐದು ಜನ ಚಂದೇರಿಯಿಂದ ಇಳಿಯುತ್ತಿದ್ದೆವು. ಸಂಜೆ ನಾಲ್ಕೂವರೆ. ಘಸಾರಾ ಇಳಿಜಾರಿನಲ್ಲಿ ಗೆಳೆಯನೊಬ್ಬನ ಕಾಲ ಕೆಳಗಿನ ಕಲ್ಲು ಉರುಳಿ ಹಿಮ್ಮಡಿ ತಿರುಚಿತು. ಹತ್ತು ನಿಮಿಷದಲ್ಲಿ ಕಾಲು ಊದಿ ಶೂ ಬಿಚ್ಚಲಾಗಲಿಲ್ಲ. ಬೆಳಕಿರುವಾಗಲೇ ಇಬ್ಬರು ಕೆಳಗಿನ ಊರಿಗೆ ಹೊರಟರು, ನಾವಿಬ್ಬರು ಅವನ ಜೊತೆ ಕೂತೆವು. ಜನ ಬಂದದ್ದು ರಾತ್ರಿ ಹತ್ತೂವರೆಗೆ. ಆರು ಗಂಟೆ.

ಆ ಆರು ಗಂಟೆಯಲ್ಲಿ ಏನೇನು ಹೊರಬಂತು? ಟಾರ್ಚ್ ಇಡೀ ಹೊತ್ತು. ಕೆಳಗೆ ಹಾಳೆ, ಗೆಳೆಯನ ಮೈಮೇಲೆ ಬೆಳ್ಳಿ ಹೊದಿಕೆ. ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್ ನೀರು. ಕೊನೆಯ ಒಂದು ಗಂಟೆ ಸೀಟಿ, ಯಾಕಂದ್ರೆ ಕತ್ತಲಲ್ಲಿ ಬರುವವರಿಗೆ ನಾವು ಯಾವ ಕೊರಕಲಿನಲ್ಲಿದ್ದೇವೆ ಅಂತ ಹೇಳಿದ್ದು ಅದೇ. ಚೂರಿ ಹೊರಬಂದದ್ದು ಎರಡೇ ಸಲ. ಒಮ್ಮೆ ಬಿಗಿದ ಶೂ ಲೇಸ್ ಕತ್ತರಿಸಲು, ಇನ್ನೊಮ್ಮೆ ಒಣಗಿ ನಿಂತಿದ್ದ ಎರಡು ಕಾರ್ವಿ ಕಡ್ಡಿಗಳನ್ನು ಕಾಲಿನ ಅಳತೆಗೆ ಕತ್ತರಿಸಿ ಕಟ್ಟಲು. ಕಾರ್ವಿ ಅಂದ್ರೆ ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುವ ಪೊದೆ, ನಮ್ಮ ಕಡೆಯ ಗುರಿಗೆಯ ನೆಂಟ. ಆ ಎರಡು ಕೆಲಸ ಐದು ನಿಮಿಷವೂ ಹಿಡಿಯಲಿಲ್ಲ. ಆದರೆ ಅದು ಇಲ್ಲದಿದ್ದರೆ ಊದುತ್ತಿದ್ದ ಕಾಲು ಶೂ ಒಳಗೇ ಉಳಿಯುತ್ತಿತ್ತು.

ಹಳ್ಳಿಯಿಂದ ಬಂದ ಹಿರಿಯ ಮಾಮಾ ಕೊಯ್ತಾದಿಂದ ಎರಡು ಉದ್ದ ಬಿದಿರು ಸವರಿ, ಚಾದರ ಕಟ್ಟಿ, ಹತ್ತು ನಿಮಿಷದಲ್ಲಿ ಡೋಲಿ ಮಾಡಿದರು. ನನ್ನ ಚೂರಿಗೆ ಅದು ಒಂದು ಗಂಟೆಯ ಕೆಲಸ. ಅದನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿ, ‘ಭಾಜಿ ಕಾಪಾಯಲಾ ಬರಂ ಆಹೆ’ ಅಂದ್ರು. ತರಕಾರಿ ಹೆಚ್ಚೋಕೆ ಅಡ್ಡಿಯಿಲ್ಲ ಅಂತ. ನೋವಿನಲ್ಲಿದ್ದ ಗೆಳೆಯನೂ ನಕ್ಕ.

ತೂಕ ಮತ್ತು ಜಾಗ

ನನ್ನ ಕಿಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಬಂದ ಅಂಕಿ, ಗ್ರಾಂನಲ್ಲಿ:

ಒರೆಸಹಿತ ಚೂರಿ 115
ಕಿಡಿ ಕಡ್ಡಿ 25
ಲೈಟರ್ 20
ಹತ್ತಿ, ಕರ್ಪೂರದ ಡಬ್ಬಿ 25
ಬೆಳ್ಳಿ ಹೊದಿಕೆ 55
ಪ್ಲಾಸ್ಟಿಕ್ ಹಾಳೆ 200
ಖಾಲಿ ಸ್ಟೀಲ್ ಬಾಟಲಿ 180
ಹಗ್ಗ 65
ತಲೆ ಟಾರ್ಚ್, ಸೆಲ್ 85
ಸೀಟಿ 10
ಪ್ರಥಮ ಚಿಕಿತ್ಸೆ 130
ಓಆರ್‌ಎಸ್, ಕ್ಲೋರಿನ್ ಮಾತ್ರೆ 50

ಒಟ್ಟು 960. ಬಾಟಲಿ ಹೇಗೂ ಒಯ್ಯುವಂಥದ್ದು, ಅದನ್ನು ಬಿಟ್ಟರೆ 780.

ಇದೆಲ್ಲ ಒಂದೇ ಚೀಲದಲ್ಲಿದ್ದರೆ ಪ್ರಯೋಜನ ಇಲ್ಲ. ನಮ್ಮ ಭಾಷೆಯಲ್ಲಿ ಅದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್: ಬ್ಯಾಗು ಕೊರಕಲಿಗೆ ಉರುಳಿದರೆ ಎಲ್ಲವೂ ಹೋಯಿತು. ಹಾಗಾಗಿ ಮೂರು ಪದರ. ಸೀಟಿ ಕೊರಳಲ್ಲಿ, ಲೈಟರ್ ಮತ್ತು ಫೋನ್ ಜೇಬಿನಲ್ಲಿ. ಚೂರಿ, ಕಿಡಿ ಕಡ್ಡಿ, ಬೆಳ್ಳಿ ಹೊದಿಕೆ, ಟಾರ್ಚ್ ಸೊಂಟದ ಪೌಚಿನಲ್ಲಿ. ಮಿಕ್ಕದ್ದು ಬೆನ್ನಿನ ಬ್ಯಾಗಿನಲ್ಲಿ. ಬ್ಯಾಗು ಕಳೆದರೂ ಬೆಳಕು, ಬೆಚ್ಚನೆ, ಸದ್ದು ನಿಮ್ಮ ಮೈಮೇಲೇ ಇರುತ್ತೆ.

ಕೊಂಡು ಕಪಾಟಿನಲ್ಲಿಟ್ಟರೆ ಕಿಟ್ ಆಗುವುದಿಲ್ಲ

ಪರೀಕ್ಷೆ ಮಾಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಅಂತ ನಮ್ಮ ಆಫೀಸುಗಳಲ್ಲಿ ಹೇಳ್ತಾರೆ. ಇದಕ್ಕೂ ಅದೇ. ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗದೆ ಮೂರು ಕೆಲಸ ಮಾಡಿ. ಒಂದು, ದೀಪ ಆರಿಸಿ, ಕಣ್ಣು ಮುಚ್ಚಿ, ಪೌಚಿನಿಂದ ಟಾರ್ಚ್ ತೆಗೆದು ಹತ್ತಿಸಿ, 30 ಸೆಕೆಂಡಿನಲ್ಲಿ ಆಗಬೇಕು. ಎರಡು, ಮನೆಯವರ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ನಡೆದು ನೋಡಲು ಹೇಳಿ. ಮೂರು, ಬಾಲ್ಕನಿಯಲ್ಲಿ ಇಟ್ಟಿಗೆಯ ಮೇಲೆ ಒಂದು ಹನಿ ಹತ್ತಿಗೆ ಕಿಡಿ ಹಾರಿಸಿ ನೋಡಿ, ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಇಪ್ಪತ್ತು ಸಲಕ್ಕೆ ಒಮ್ಮೆ ಹೊತ್ತಿದರೆ, ಮಳೆಯಲ್ಲಿ ನಡುಗುವ ಕೈಯಲ್ಲಿ ಅದು ಹೊತ್ತುವುದಿಲ್ಲ ಅಂತ ಅರ್ಥ.

ಕೊನೆಯ ಸಾಮಾನಿಗೆ ತೂಕವೇ ಇಲ್ಲ. ಎಲ್ಲಿಗೆ, ಯಾವ ಹಾದಿಯಲ್ಲಿ, ಯಾರ್‍ಯಾರು, ಯಾವ ಲೋಕಲ್‌ಗೆ ವಾಪಸ್ಸು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಡಿ. ನಿಮ್ಮನ್ನು ಹುಡುಕಬೇಕು ಅಂತ ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ. ಆಮೇಲೆ ತಾನೆ ಸೀಟಿ, ಟಾರ್ಚು, ಚೂರಿ ಎಲ್ಲ.

ಮುಂದಿನ ಮಾತಿನಲ್ಲಿ ಆಫ್‌ಲೈನ್ ನಕ್ಷೆ ಓದುವುದು, ಏಣು ಯಾವುದು ಕೊರಕಲು ಯಾವುದು ಅಂತ ಸಮೋನ್ನತ ರೇಖೆಗಳಿಂದ ಗುರುತಿಸುವುದು ಹೇಗೆ ಅಂತ ನೋಡೋಣ. ಅಲ್ಲಿಯವರೆಗೆ ಜೋಪಾನ, ನಮಸ್ಕಾರ.